ಚಿತ್ರಕ್ಕೆ ಬಂದ ಜ್ವರ

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಎದುರು ಮನೆಯ ಬಾಗಿಲು ತೆರೆದ ಸದ್ದು ಕೇಳಿಸಿತೇ ಹೊರತು ಬಾಗಿಲು ಕಾಣಿಸಲಿಲ್ಲ. ತಂಗಿ ಲ್ಯಾಪ್‌ಟಾಪನ್ನು ಶಾಲಿನಲ್ಲಿ ಸುತ್ತಿಕೊಂಡು ಅಕ್ಕನ ಹೊಲಿಗೆ ಅಂಗಡಿಗೆ ಬಂದಳು. ಅಕ್ಕ ಯಾರದೋ ಕೋಟಿಗೆ ಗುಂಡಿ ಹಚ್ಚುತ್ತಿದ್ದಳು. ಪಕ್ಕದಲ್ಲಿ, ಚಿಂದಿ ಬಟ್ಟೆಯ ಬುಟ್ಟಿಯೊಳಗೆ, ಅವಳ ಹಾಲುಗೂಸು ಪುಟಾಣಿ ನಿದ್ದೆ ಹೋಗಿತ್ತು.

"ಮೂರೇ ನಿಮಿಷದ ಚಿತ್ರ, ನೋಡಕ್ಕಾ. ಬರೋ ವಾರ ಆಸ್ಪತ್ರೇಲಿ ಹಾಕ್ತಾರೆ."

ಪಕ್ಕದ ಬೀದಿಯ ಎರಡು ಕೂಸುಗಳು ಕೆಮ್ಮಿ ಕೆಮ್ಮಿ, ಉಸಿರಿಗೆ ಒದ್ದಾಡಿ ಆಸ್ಪತ್ರೆ ಸೇರಿದ್ದವು. ಆ ಕೆಮ್ಮಿಗೆ ಹೊಸ ಲಸಿಕೆ ಬಂದಿತ್ತು. ಅಕ್ಕ ಮಾತ್ರ "ನೋಡೋಣ, ನೋಡೋಣ" ಎನ್ನುತ್ತಲೇ ದಿನ ದೂಡಿದ್ದಳು. ಊರಿಗೆಲ್ಲ ತಿಳಿಹೇಳುವ ಅನಿಮೇಶನ್ ಚಿತ್ರ ಮಾಡಿದ ತಂಗಿಗೆ ಒಡಹುಟ್ಟಿದವಳ ಆ 'ನೋಡೋಣ'ವೇ ಎದೆಯ ಮುಳ್ಳಾಗಿತ್ತು.

ಪರದೆಯ ಮೇಲೆ ಗಾಜಿನ ನಳಿಗೆಗಳು ಕುಣಿದವು. ರೋಗಾಣು ಮುಖ ಗಂಟಿಕ್ಕಿಕೊಂಡು ಬಂತು. ವಿಜ್ಞಾನಿಗಳು ಅದರ ಹಲ್ಲು ಕಿತ್ತು ಲಸಿಕೆ ಮಾಡಿದರು. ಅದನ್ನು ಪರೀಕ್ಷಿಸಲು ಮೊದಲು ನಾಲ್ಕಾರು ಜನ ತೋಳು ಒಡ್ಡಿದರು, ಆಮೇಲೆ ನೂರಾರು, ಆಮೇಲೆ ಸಾವಿರಾರು. ಎಲ್ಲರೂ ನಗುತ್ತಾ ಬಂದರು, ನಗುತ್ತಾ ಹೋದರು.

ಅಕ್ಕ ಹಲ್ಲಿನಿಂದ ದಾರ ಕಡಿದಳು. "ಚೆನ್ನಾಗಿದೆ ಕಣೇ. ಅಷ್ಟು ಜನದಲ್ಲಿ ಒಬ್ರಿಗೂ ಜ್ವರ ಬರ್ಲಿಲ್ವಾ?"

"ಬಂತು. ಕೆಲವರಿಗೆ ಬಂತು."

"ಎಲ್ಲಿ ತೋರ್ಸು?"

"ತೆಗೆದ್‌ಬಿಟ್ಟೆ. ಜನ ಹೆದರ್ತಾರೆ ಅಂತ."

"ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ. ನೀನು ಹೆಗ್ಗಣಕ್ಕೆ ಪೌಡರ್ ಬೇರೆ ಬಳಿದು ತಂದಿದ್ದೀಯ!" ಅಕ್ಕ ನಕ್ಕಳು. ನಗು ಮೆಲ್ಲಗೆ ಇಳಿಯಿತು. "ನಂಗೆ ಜ್ವರದ ಭಯ ಇಲ್ವೇ. ಚಿಕ್ಕವಳಿದ್ದಾಗ ನಿಂಗೆ ಬಂದ್ರೆ ಹಣೆಗೆ ಒದ್ದೆ ಬಟ್ಟೆ ಹಾಕ್ತಾ ಕೂತೋಳು ನಾನೇ. ನಿನ್ನ ಆ ನಗೋ ಜನಕ್ಕೆ ಜ್ವರ ಬಂದಾಗ ಪಕ್ಕದಲ್ಲಿ ಯಾರಾದ್ರೂ ಕೂತಿದ್ರಾ? ಅದನ್ನ ಹೇಳು."

ತಂಗಿ ಲ್ಯಾಪ್‌ಟಾಪ್ ಮುಚ್ಚಿದಳು. ಹೌದು, ಪಕ್ಕದಲ್ಲಿ ಕೂತವರಿದ್ದರು. ತಿಂಗಳುಗಟ್ಟಲೆ ಮನೆಮನೆಗೆ ಹೋಗಿ ಮೈ ಮುಟ್ಟಿ ನೋಡಿದ ದಾದಿಯರಿದ್ದರು. ಒಬ್ಬರಿಗೆ ಹೆಚ್ಚಾಯಿತೆಂದರೆ ಉಳಿದವರಿಗೆ ಚುಚ್ಚುವುದನ್ನೇ ನಿಲ್ಲಿಸಿ, ಕಾರಣ ತಿಳಿಯುವ ತನಕ ಕಾದ ವೈದ್ಯರಿದ್ದರು. ಭಗವಂತ ಒಂದು ಕಾಳಿನಿಂದ ಮೊಳಕೆ ತೆಗೆಯಬೇಕಾದರೂ ಕಾಯುತ್ತಾನೆ. ಲಸಿಕೆಯ ಕಥೆಯಲ್ಲೂ ಮುಕ್ಕಾಲು ಪಾಲು ಕಾಯುವುದೇ. ಅವಳು ಆ ಮುಕ್ಕಾಲನ್ನೇ ಕತ್ತರಿಸಿ ಎಸೆದಿದ್ದಳು.

ಮರುವಾರ ಆಸ್ಪತ್ರೆಯ ಗೋಡೆಯ ಮೇಲೆ ಮೂಡಿದ ಚಿತ್ರದಲ್ಲಿ, ತೋಳು ಒಡ್ಡಿದ್ದ ಅಜ್ಜನೊಬ್ಬ ಕಂಬಳಿ ಹೊದ್ದು ಗಡಗಡ ನಡುಗಿದ. ಬೆಂಚುಗಳ ಮೇಲಿನ ಗುಸುಗುಸು ನಿಂತಿತು. ಅಜ್ಜನ ಪಕ್ಕದಲ್ಲಿ ದಾದಿಯೊಬ್ಬಳು ಒಂದು ಕಾಲು ಮಡಚಿ, ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು. ಕಿಟಕಿಯಾಚೆ ಸೂರ್ಯ ಮುಳುಗಿದ, ಹುಟ್ಟಿದ. ಜ್ವರ ಇಳಿಯುವ ತನಕ ಅವಳು ಏಳಲಿಲ್ಲ.

"ಯಾರೇ ಅವ್ಳು? ಥೇಟ್ ನನ್ನ ಹಾಗೇ ಕಾಲು ಮಡಚ್ಕೊಂಡಿದ್ದಾಳೆ!" ಕಡೆಯ ಬೆಂಚಿನಲ್ಲಿ ಅಕ್ಕ ತಂಗಿಯ ತೊಡೆ ಚಿವುಟಿದಳು. ಉತ್ತರಕ್ಕೆ ಕಾಯದೆ ಎದ್ದು, ಪುಟಾಣಿಯ ಚಡ್ಡಿಯ ಲಾಡಿ ಬಿಚ್ಚುತ್ತಾ ಹೋಗಿ ಸಾಲಿನಲ್ಲಿ ನಿಂತಳು.

ಸಂಜೆಗೆ, ಲಸಿಕೆ ಚುಚ್ಚಿದ ದಾದಿ ಹೇಳಿದ್ದಂತೆಯೇ, ಪುಟಾಣಿಯ ಮೈ ಬೆಚ್ಚಗಾಯಿತು. ಅಕ್ಕ ಬಟ್ಟಲಲ್ಲಿ ನೀರಿಟ್ಟುಕೊಂಡು, ಬಟ್ಟೆ ಹಿಂಡಿ ಕೂತಿದ್ದಳು. ಬಾಗಿಲು ಕಿರುಗುಟ್ಟಿತು. ತಂಗಿ ಒಳಗೆ ಬಂದವಳೇ ತನ್ನ ಶಾಲನ್ನು ಅಕ್ಕನ ಹೆಗಲಿಗೆ ಹೊದಿಸಿದಳು, ಅವಳ ಕೈಯೊಳಗಿನ ಒದ್ದೆ ಬಟ್ಟೆ ಬಿಡಿಸಿಕೊಂಡಳು, ಒಂದು ಕಾಲು ಮಡಚಿ ಕೂಸಿನ ಪಕ್ಕದಲ್ಲಿ ಕೂತಳು.

"ಮಲ್ಕೋ ಹೋಗಕ್ಕಾ," ಎಂದಳು. "ಈ ಸಲ ನಾನು ಕೂರ್ತೀನಿ."