ಮಾಸ್ತರರ ಟೋಪಿಯೂ ಕೆಂಪು

ತರಗತಿಗಳಲ್ಲಿ ‘ತಿಳೀತ್ರಿ ಸರ’ ಎಂಬ ಮೇಳಗಾನದ ಬೆಲೆ ಹೋದ ದಿನವನ್ನು ಚರಿತ್ರೆಕಾರರು ಸಾಮ್ರಾಜ್ಯಗಳ ಪತನದ ಸಾಲಿನಲ್ಲಿ ಬರೆಯಬೇಕು. ಶಾಲೆಯ ಮಕ್ಕಳು, ಮಾಸ್ತರರು ಎಲ್ಲರಿಗೂ ದೀಪದ ಟೋಪಿ ಬಂದಿತ್ತು. ಹೇಳಿದ್ದು ಅರ್ಥವಾದರೆ ದೀಪ ಹಸಿರು, ಆಗದಿದ್ದರೆ ಕೆಂಪು.

ಗಣಿತದ ಸಂಗನಬಸಪ್ಪ ಮಾಸ್ತರರಿಗೆ ತರಬೇತಿಯಲ್ಲಿ ಟೋಪಿಯ ಸೆಲ್ ಬದಲಿಸಲು ಕಲಿಸಿದ್ದರು. ಕೆಂಪನ್ನು ಹಸಿರು ಮಾಡುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಇಂದು ತಪಾಸಣೆಯ ಸಾಹೇಬರು ತಾವೂ ಟೋಪಿ ಧರಿಸಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಅರ್ಧದಷ್ಟಾದರೂ ದೀಪಗಳು ಹಸಿರಾಗದಿದ್ದರೆ ಮಾಸ್ತರರಿಗೆ ದೂರದ ಗಡಿಯೂರಿಗೆ ವರ್ಗ.

“ಮೈನಸ್ಸಿಗೆ ಮೈನಸ್ ಗುಣಿಸಿದ್ರ ಪ್ಲಸ್. ತಿಳೀತೇನ್ರೋ?”

“ತಿಳೀತ್ರಿ ಸರ” ಎಂದಿತು ತರಗತಿ, ಹಳೆಯ ಚಟದಿಂದ. ದೀಪಗಳು ಮಾತ್ರ ಕಣದಲ್ಲಿ ಹರವಿದ ಬ್ಯಾಡಗಿ ಮೆಣಸಿನಕಾಯಿಯಂತೆ ಕೆಂಪಗಿದ್ದವು. ಮಾಸ್ತರರು ಅದನ್ನೇ ಇನ್ನಷ್ಟು ಜೋರಾಗಿ ಹೇಳಿದರು. ಜೋರಿಗೆ ಬಣ್ಣ ಬದಲಾಗಲಿಲ್ಲ.

“ಸರ, ನಿಮ್ಮ ಟೋಪಿನೂ ಕೆಂಪ ಐತ್ರಿ” ಎಂದಳು ಮುಂದಿನ ಬೆಂಚಿನ ನೀಲವ್ವ.

ಮಾಸ್ತರರು ಟೋಪಿ ತೆಗೆದು ನೋಡಿದರು. ಸೆಲ್ ಸರಿಯಾಗಿಯೇ ಇತ್ತು. ಮತ್ತೆ ತಲೆಗಿಟ್ಟುಕೊಂಡರು.

“ಹೌದವಾ. ಇದು ಯಾಕ ಹಿಂಗ ಆಗತೈತಿ ಅಂತ ನನಗೂ ಗೊತ್ತಿಲ್ಲ. ನಮ್ಮ ಸರ ಛಡಿ ಹಿಡಕೊಂಡು ಹೇಳಿದ್ರು, ನಾ ನಂಬಿದೆ. ಅಂದಿನಿಂದ ನಂಬಿಸಿಕೋತ ಬಂದೀನಿ.”

ಈ ಮಾತು ಎಲ್ಲರಿಗೂ ಚೆನ್ನಾಗಿ ಅರ್ಥವಾಯಿತು. ನೀಲವ್ವನ ದೀಪ ಮೊದಲು ಹಸಿರಾಯಿತು, ಬೆನ್ನಿಗೇ ಇಡೀ ತರಗತಿಯದು. ಮಾಸ್ತರರು ಹಿಂದಿನ ಬೆಂಚಿನತ್ತ ನೋಡಿದರು. ಅದುವರೆಗೆ ಕೆಂಪಗಿದ್ದ ಸಾಹೇಬರ ದೀಪವೂ ಹಸಿರಾಗಿತ್ತು.

“ನೂರಕ್ಕ ನೂರು ಬಿಡ್ರಿ ಮಾಸ್ತರ” ಎಂದು ಸಾಹೇಬರು ಎದ್ದರು.

ಮಾಸ್ತರರಿಗೆ ವರ್ಗವಾಗಲಿಲ್ಲ.