ನಾಲ್ಕಕ್ಕೂ ಐದಕ್ಕೂ ನಡುವೆ

ನಾಲ್ಕನೇ ಮಹಡಿಗೂ ಐದನೇ ಮಹಡಿಗೂ ನಡುವೆ ಲಿಫ್ಟ್ ಗಕ್ಕನೆ ನಿಂತುಬಿಟ್ಟಿತ್ತು. ಒಳಗೆ ಆರನೇ ಮಹಡಿಯ ಅಜ್ಜಿ ಒಬ್ಬರೇ. ತಾರಸಿಯ ಮೇಲಿನ ಯಂತ್ರದ ಕೋಣೆಯಲ್ಲಿ ಮೆಕ್ಯಾನಿಕ್ ಬೆವರು ಸುರಿಸುತ್ತ ನಿಂತಿದ್ದ. ಮೋಟಾರು ಕೈಕೊಟ್ಟರೆ ಚಕ್ರವನ್ನು ಕೈಯಲ್ಲೇ ತಿರುಗಿಸಿ ಲಿಫ್ಟನ್ನು ಸರಿಸಬೇಕು. ಅದು ಇಬ್ಬರ ಕೆಲಸ. ಒಬ್ಬ ಹಿಡಿ ಎಳೆದು ಬ್ರೇಕು ಸಡಿಲಿಸಬೇಕು, ಇನ್ನೊಬ್ಬ ಚಕ್ರ ತಿರುಗಿಸಬೇಕು. ಹಿಡಿ ಬಿಟ್ಟರೆ ಬ್ರೇಕು ಮತ್ತೆ ಕಚ್ಚಿಕೊಳ್ಳುತ್ತದೆ. ಇಷ್ಟು ವರ್ಷವೂ ಚಕ್ರ ಹಿಡಿದವನು ಜೊತೆಗಾರ. ಆ ಪುಣ್ಯಾತ್ಮ ಹೆಂಡತಿಯ ಹೆರಿಗೆಗೆಂದು ರಜೆ ಹಾಕಿ ಕೂತಿದ್ದ. ಹೀಗಾಗಿ ಇವತ್ತು ಚಕ್ರ ಇವನ ಪಾಲಿಗೆ, ಬ್ರೇಕು ಕಟ್ಟಡದ ವಾಚ್‌ಮನ್ ಪಾಲಿಗೆ.

ವಾಚ್‌ಮನ್‌ನನ್ನು ಎಲ್ಲರೂ ಕರೆಯುವುದು ರೇಡಿಯೋ ಎಂದು. ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

"ಆಚೆ ಬೀದೀಲೂ ಹಿಂಗೇ ಆಗಿತ್ತಂತೆ," ರೇಡಿಯೋ ಶುರುಮಾಡಿದ. "ಚಕ್ರ ಕೈಜಾರಿ ಲಿಫ್ಟು ಓಡಿದ ರಭಸಕ್ಕೆ ಒಳಗಿದ್ದೋನ ಸೊಂಟಾನೇ ಮುರೀತಂತೆ."

"ಸ್ವಲ್ಪ ಬಾಯಿ ಮುಚ್ಕೊಂಡಿರ್ತೀಯಾ?"

ಅಂಜುವವನ ಮೇಲೆ ಕಪ್ಪೆ ಎಸೆದಂತಾಗಿತ್ತು. ಮೆಕ್ಯಾನಿಕ್ ಚಕ್ರದ ಮೇಲೆ ಕೈಯಿಟ್ಟ. ಕೈ ನಡುಗಿತು. ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಇಟ್ಟ. ಮತ್ತೂ ನಡುಗಿತು. ರೇಡಿಯೋ ಹೇಳಿದ್ದು ಸುಳ್ಳೇನಲ್ಲ. ಬ್ರೇಕು ಸಡಿಲಿಸಿದ ಮೇಲೆ ಚಕ್ರ ಒಮ್ಮೆ ಕೈತಪ್ಪಿತೋ, ಆ ಮುದಿಜೀವಕ್ಕೆ ದೇವರೇ ಗತಿ. ಲಿಫ್ಟಿನ ಒಳಗಿನವರ ಜೊತೆ ಮಾತಾಡಲು ಗೋಡೆಯಲ್ಲೊಂದು ಸ್ಪೀಕರ್ ಇತ್ತು. ಅದರ ವೈರು ಬೇರೆ, ಲಿಫ್ಟ್ ಕೆಟ್ಟರೂ ಅದು ಕೆಡದು. ಅದರ ಗುಂಡಿ ಒಮ್ಮೆ ಒತ್ತಿ ತೆರೆದಿಟ್ಟು ಕೂಗಿದ.

"ಅಮ್ಮಾ, ಹೆದರ್ಕೋಬೇಡಿ. ಏನೂ ಆಗಲ್ಲ. ನೀವು ಮಾತ್ರ ಹೆದರ್ಕೋಲೇಬೇಡಿ!"

"ನಾನೆಲ್ಲಪ್ಪಾ ಹೆದರಿದೆ? ನಿನ್ನ ಹಲ್ಲು ಕಟಕಟ ಅನ್ನೋದು ಇಲ್ಲೀವರೆಗೂ ಕೇಳಿಸ್ತಿದೆ. ಬೆಳಗ್ಗೆಯಿಂದ ಹೊಟ್ಟೆಗೇನಾದ್ರೂ ಹಾಕ್ಕೊಂಡಿದ್ದೀಯಾ?"

"ಇಲ್ಲಮ್ಮ. ಫೋನ್ ಬಂತು, ಹಂಗೇ ಓಡಿಬಂದೆ."

"ಸರಿಹೋಯ್ತು. ಮೊದಲು ನೀರು ಕುಡಿ. ಗಟಗಟ ಅಲ್ಲ, ಗುಟುಕು ಗುಟುಕಾಗಿ. ನಾನು ಕಾಯ್ತೀನಿ, ಇಲ್ಲಿಂದ ಎಲ್ಲಿಗೆ ಹೋಗಲಿ?"

ಅಂಥ ಹೊತ್ತಿನಲ್ಲೂ ಅವನಿಗೆ ನಗು ಬಂತು. ರೇಡಿಯೋ ತನ್ನ ಬಾಟಲಿ ಚಾಚಿದ. ಮೆಕ್ಯಾನಿಕ್ ಕುಡಿದ.

"ಈಗ ಭುಜ ನೋಡ್ಕೋ, ಕಿವಿ ಹತ್ರ ಬಂದಿರುತ್ತೆ. ಇಳಿಸು. ಉಸಿರು ಬಿಡು. ನನ್ನ ಸೊಸೆ ಆಫೀಸಿಂದ ತಲೆ ಬಿಸಿ ಮಾಡ್ಕೊಂಡು ಬಂದಾಗ್ಲೂ ನಾನು ಹೇಳೋದು ಇದೇ. ಆಮೇಲೆ ಬೀನ್ಸ್ ನಾರು ತೆಗೆಯೋಕೆ ಕೂರಿಸಿಬಿಡ್ತೀನಿ. ಅರ್ಧ ಬುಟ್ಟಿ ಮುಗಿಯೋದ್ರೊಳಗೆ ಮನುಷ್ಯಳಾಗ್ತಾಳೆ."

"ಇಲ್ಲಿ ಬೀನ್ಸ್ ಇಲ್ವಲ್ಲಮ್ಮಾ."

"ಬಾಯಿ ಇದೆಯಲ್ಲ? ಏನೇನು ಮಾಡ್ಬೇಕೋ ಒಂದೊಂದೇ ಬಾಯಿಬಿಟ್ಟು ಹೇಳು. ಹೇಳಿದ್ಮೇಲೇ ಮಾಡು. ನಾನು ಹೂಂಗುಟ್ತೀನಿ."

ಎಳೆಮಕ್ಕಳು ಮಗ್ಗಿ ಒಪ್ಪಿಸುವಂತೆ ಅವನು ಆರಂಭಿಸಿದ. "ಮೊದಲು ಮೇನ್ ಸ್ವಿಚ್ ಆಫ್ ಮಾಡ್ಬೇಕು. ಆಮೇಲೆ ಬ್ರೇಕು..." ತಲೆಯೆತ್ತಿ ನೋಡಿದ. ಫಲಕದ ಮೇಲೆ ಕೆಂಪು ದೀಪ ಉರಿಯುತ್ತಲೇ ಇತ್ತು. ಸ್ವಿಚ್ಚು ಆಫ್ ಮಾಡಿಯೇ ಇರಲಿಲ್ಲ! ಚಕ್ರ ಹಿಡಿಯುವವನೇ ಸ್ವಿಚ್ಚನ್ನೂ ನೋಡಿಕೊಳ್ಳುವುದು ಅವರಿಬ್ಬರ ರೂಢಿ. ಇವತ್ತು ಚಕ್ರವೇನೋ ಇವನ ಕೈಗೆ ಬಂದಿತ್ತು, ರೂಢಿ ಬಂದಿರಲಿಲ್ಲ. ಕೆಳಗೆ ಮಹಡಿ ಮಹಡಿಯಲ್ಲೂ ಜನ ತಾಳ್ಮೆಗೆಟ್ಟು ಬಟನ್ ಕುಟ್ಟುತ್ತಿದ್ದರು. ಬ್ರೇಕು ಸಡಿಲಾಗಿರುವಾಗ ಈ ಕೆಟ್ಟ ಮೋಟಾರು ಒಂದೇ ಒಂದು ಸಲ ಗುರ್ರೆಂದಿದ್ದರೂ ಸಾಕಿತ್ತು, ಇವನ ಕೈಯೂ ಇಲ್ಲ, ಅಜ್ಜಿಯೂ ಇಲ್ಲ. ಎರಡೂ ಕೈಯಿಂದ ಸ್ವಿಚ್ಚು ಕೆಳಗೆಳೆದ.

"ಅಮ್ಮಾ, ಮೇನ್ ಆಫ್ ಮಾಡ್ದೆ. ಒಳಗೆ ದೀಪ ಇದೆ ತಾನೇ? ಅದು ಬ್ಯಾಟರೀಲಿ ಉರೀಬೇಕು."

ಸ್ಪೀಕರಿನಲ್ಲಿ ಬಳೆಗಳ ಸದ್ದು ಕೇಳಿಸಿತು.

"ಝಗಮಗ ಅಂತಿದೆಯಪ್ಪಾ. ನೀನು ಮುಂದೆ ಹೇಳು."

"ಈಗ ಬ್ರೇಕಿನ ಹಿಡಿ ಎಳೆಸ್ತೀನಿ." "ಹೂಂ." "ಚಕ್ರ ತಿರುಗಿಸ್ತೀನಿ, ಒಂದು ಗೇಣು." "ಹೂಂ." "ಹಿಡಿ ಬಿಡಿಸ್ತೀನಿ." "ಹೂಂ." ಗೇಣು ಗೇಣಾಗಿ ಲಿಫ್ಟ್ ಮೇಲೇರತೊಡಗಿತು. ಕೈ ನಿಧಾನವಾಗಿ ಹತೋಟಿಗೆ ಬಂತು. ಒಂದು ಸಲ ಮಾತ್ರ ಅಂಗೈ ಬೆವರಿಗೆ ಚಕ್ರ ಜರ್ರನೆ ಜಾರಿತು. "ಬಿಡೋ ಹಿಡಿ!" ಎಂದು ಅರಚಿದ. ರೇಡಿಯೋ ಬಿಟ್ಟ. ಲಿಫ್ಟಿನ ಹಗ್ಗಗಳು ದಡಕ್ಕೆಂದು ನಿಂತವು.

"ಅಮ್ಮಾ?"

ಸ್ಪೀಕರಿನ ಹತ್ತಿರ ಬಾಗಿದ.

"ಅಮ್ಮಾ!"

"ಇದ್ದೀನಪ್ಪಾ... ಮುಂದೇನು ಮಾಡ್ತೀಯ, ಹೇಳು."

ಅಲ್ಲಿಂದಾಚೆ ರೇಡಿಯೋ ಕೂಡ ತುಟಿ ಪಿಟಕ್ಕೆನ್ನಲಿಲ್ಲ. ಹಗ್ಗದ ಮೇಲಿನ ಹಳದಿ ಗುರುತು ಐದನೇ ಮಹಡಿಯ ಗೆರೆಗೆ ಬಂದು ನಿಂತಾಗ ಮೆಕ್ಯಾನಿಕ್ ಲಿಫ್ಟ್ ಬಾಗಿಲಿನ ಕೀಲಿ ಕಿತ್ತುಕೊಂಡು ಮೆಟ್ಟಿಲಿಗೆ ಓಡಿದ. ಹೋದ ಜೀವ ಬಂದಂತಾಗಿತ್ತು. ಎಂಥ ಗಟ್ಟಿಗಿತ್ತಿ, ಕಾಲಿಗೆ ಬೀಳಬೇಕು ಅಂಥವರಿಗೆ ಎಂದುಕೊಳ್ಳುತ್ತ ಕೀಲಿ ತಿರುಗಿಸಿ ಬಾಗಿಲು ಸರಿಸಿದ.

ಒಳಗೆ ಗವ್ವೆನ್ನುವ ಕತ್ತಲು. ಹೊರಗಿನ ಬೆಳಕು ಬಿದ್ದ ಮೇಲೆಯೇ ಅಜ್ಜಿ ಕಂಡದ್ದು. ಮೂಲೆಯಲ್ಲಿ ಕುಸಿದು ಕೂತಿದ್ದರು, ಕಣ್ಣು ಬಿಗಿಯಾಗಿ ಮುಚ್ಚಿತ್ತು, ಎರಡೂ ಕೈ ಕಂಬಿಗೆ ಕಚ್ಚಿಕೊಂಡಿದ್ದವು. ಮೈ ಗಡಗಡ ನಡುಗುತ್ತಿತ್ತು. ಬೆರಳುಗಳನ್ನು ಅವನೇ ಬಿಡಿಸಬೇಕಾಯಿತು.

"ಝಗಮಗ ಅಂತಿದೆ ಅಂದ್ರಲ್ಲಮ್ಮಾ!"

ಅಜ್ಜಿ ಕಣ್ಣು ತೆರೆದು ಅವನ ಮುಖ ನೋಡಿದರು.

"ಕತ್ತಲು ಅಂದಿದ್ರೆ ನಿನ್ನ ಕೈ ಮತ್ತೆ ನಡುಗ್ತಿತ್ತು. ಆ ಹಗ್ಗದ ತುದೀಲಿ ನೇತಾಡ್ತಿದ್ದೋಳು ನಾನಲ್ವೇನೋ?"