ಎರಡಕ್ಕೂ ಆಗುವ ಡಬ್ಬಿ

"ಇದಕ್ಕೊಂದು ಒಳ್ಳೇ ಡಬ್ಬಿ ಕೊಡಿ" ಎನ್ನುತ್ತ ಆಕೆ ಫೈಲು ತುಂಬಿಡುವ, ಬೆರಳುದ್ದದ ಹೊಸ ಎಸ್‌ಎಸ್‌ಡಿ ಕಡ್ಡಿಯೊಂದನ್ನು ಕೌಂಟರಿನ ಮೇಲಿಟ್ಟಳು. ಕಂಪ್ಯೂಟರ್ ರಿಪೇರಿಯವನು ಮಾತಿನಲ್ಲೇ ಅವಳ ಗುರುತು ಹಿಡಿದ. ತಲೆ ಎತ್ತುವ ಮೊದಲೇ ಅವನ ಮುಖ ಹುಳ್ಳಗಾಗಿತ್ತು. ಪಕ್ಕದಲ್ಲಿ ಅವಳ ಅಪ್ಪ ನಿಂತಿದ್ದರು. ಕುತ್ತಿಗೆಗೆ ತೆಳು ಬಟ್ಟೆ, ಜೇಬಿನಲ್ಲಿ ಪುಟ್ಟ ಪುಸ್ತಕ ಮತ್ತು ಪೆನ್ನು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆ ತೆಗೆದ ಮೇಲೆ ಅವರ ಮಾತೆಲ್ಲ ಆ ಪುಸ್ತಕದಲ್ಲೇ. ಮೂವತ್ತು ವರ್ಷ ತರಕಾರಿ ಮಂಡಿಯಲ್ಲಿ ಹರಾಜು ಕೂಗಿದ ಮನುಷ್ಯ. ದನಿ ಏರಿಸುವ ಅಭ್ಯಾಸ ಬಿಡಲಾಗದೆ ಈಗ ಪೆನ್ನನ್ನೇ ಒತ್ತಿ ಒತ್ತಿ ಬರೆಯುತ್ತಿದ್ದರು.

ಮೂರು ತಿಂಗಳ ಹಿಂದೆ ಆಕೆ ಒಬ್ಬಳೇ ಬಂದಿದ್ದಳು, ಕೆಟ್ಟುಹೋದ ಲ್ಯಾಪ್‌ಟಾಪಿನಿಂದ ತೆಗೆಸಿದ ಕಡ್ಡಿ ಹಿಡಿದುಕೊಂಡು. ಆಪರೇಷನ್ನಿಗೆ ಮೊದಲು ಅಪ್ಪ ಹದಿನೈದು ದಿನ ಕೂತು ಮಾತಾಡಿ ತುಂಬಿಸಿದ್ದೆಲ್ಲ ಅದರಲ್ಲಿತ್ತು. ಇವನು ಅದನ್ನು ತನ್ನ ಡಬ್ಬಿಯೊಳಗೆ ಕೂರಿಸಿ ಕಂಪ್ಯೂಟರಿಗೆ ಸಿಕ್ಕಿಸಿದ. ಕಂಪ್ಯೂಟರ್ ಅದರತ್ತ ತಿರುಗಿಯೂ ನೋಡಲಿಲ್ಲ. "ಹೋಗಿದೆ" ಎಂದ. ಬೇರೆ ಡಬ್ಬಿಯಲ್ಲಿ ಒಂದು ಸಲ ನೋಡಬಹುದಾ ಎಂದು ಆಕೆ ಕೇಳಿದಾಗ, "ಹದಿನೆಂಟು ವರ್ಷದಿಂದ ಇದೇ ಮಾಡ್ತಿದೀನಿ ಮೇಡಂ. ಸತ್ತಿರೋದು ಯಾವುದು ಅಂತ ಗೊತ್ತಾಗಲ್ವಾ ನನಗೆ?" ಎಂದು ಬೀಗಿದ್ದ. ಆಕೆ ಕಡ್ಡಿಯನ್ನು ಅವನ ಗುಜರಿ ತಟ್ಟೆಯಲ್ಲೇ ಬಿಟ್ಟು ಹೋಗಿದ್ದಳು.

"ಇದಕ್ಕೆ ಏನು ತುಂಬ್ತೀರಿ?" ಈಗ ಅವನು ಕೇಳಿದ. ಏನಾದರೂ ಕೇಳಬೇಕಲ್ಲ.

"ನೆಂಟರ ಫೋನೆಲ್ಲ ಜಾಲಾಡಿದ್ವಿ. ಅಪ್ಪ ಕಳಿಸಿದ್ದ ಹನ್ನೊಂದು ವಾಯ್ಸ್ ಮೆಸೇಜ್ ಸಿಕ್ವು. ಅದರಲ್ಲಿ ನಾಲ್ಕು ಬರೀ ಕೆಮ್ಮು. ಇರಲಿ, ಕೆಮ್ಮೂ ಅವರದೇ ಅಲ್ವಾ."

ಅಪ್ಪ ಸದ್ದಿಲ್ಲದೆ ಭುಜ ಕುಣಿಸಿ ನಕ್ಕರು. ರಿಪೇರಿಯವನು ಮೂರು ಡಬ್ಬಿ ತೆಗೆದು ಸಾಲಾಗಿ ಇಟ್ಟ: ಒಂದು ಪ್ಲಾಸ್ಟಿಕ್ಕಿನದು, ಒಂದು ರಬ್ಬರ್ ಅಂಗಿ ತೊಟ್ಟದ್ದು, ಒಂದು ಅಲ್ಯೂಮಿನಿಯಮ್ಮಿನದು. ಆಕೆ ಒಂದೊಂದನ್ನೂ ಎತ್ತಿ, ಮುಚ್ಚಳ ಜಾರಿಸಿ, ವೈರಿನ ಬುಡ ಅಲ್ಲಾಡಿಸಿ ನೋಡಿದಳು. ಬಿಸಿ ಆಗುತ್ತಾ, ಬಿದ್ದರೆ ತಡೆಯುತ್ತಾ ಎಂದೆಲ್ಲ ಕೇಳಿ ಕೊನೆಗೆ, "ನಮ್ಮ ಆಫೀಸಲ್ಲಿ ಒಬ್ರು ಹೇಳಿದ್ರು, ಈ ಕಡ್ಡೀಲಿ ಎರಡು ನಮೂನೆ ಇದೆಯಂತೆ. ಅದಕ್ಕಲ್ಲದ ಡಬ್ಬೀಲಿ ಹಾಕಿದ್ರೆ ಚೆನ್ನಾಗಿರೋದೂ ಸತ್ತ ಹಾಗೇ ಕಾಣುತ್ತಂತೆ. ನಿಜಾನಾ?" ಎಂದಳು.

"ಕೆಲವು ಸಲ" ಎಂದ ಅವನು.

"ಹಾಗಾದ್ರೆ ಎರಡಕ್ಕೂ ಆಗೋದೇ ಕೊಟ್ಟುಬಿಡಿ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಾಯೆನಿಸುತ್ತಿತ್ತು. ಅವಳು ಬಂದುಹೋದ ತಿಂಗಳಿಗೆ, ಎರಡಕ್ಕೂ ಆಗುವಂಥದ್ದೊಂದನ್ನು ಅವನೇ ತನಗೆಂದು ತರಿಸಿಕೊಂಡಿದ್ದ. ಪರೀಕ್ಷೆಗೆಂದು ಗುಜರಿ ತಟ್ಟೆಯಿಂದ ಒಂದು ಕಡ್ಡಿ ತೆಗೆದು ಹಾಕಿದರೆ, ಪರದೆಯ ಮೇಲೆ 'ಅಪ್ಪ' ಎಂಬ ಫೋಲ್ಡರ್. ಒತ್ತಿದ. "ಬಾಗಿಲು ಹಾಕ್ಕೋ ಮಗಳೇ, ಹುಷಾರು" ಎಂಬ ದನಿ ಅಂಗಡಿ ತುಂಬಿತು. ಫೋನಿಗೆ ಕೈ ಹಾಕಿದ. ಏನಂತ ಹೇಳುವುದು? ಹದಿನೆಂಟು ವರ್ಷದ ಜಂಭ ಅಡ್ಡ ಬಂದು ಕೂತಿತು. ನಾಳೆ ಹೇಳಿದರಾಯಿತು ಎಂದುಕೊಂಡ, ನಾಳೆ ನಾಡಿದ್ದಾಯಿತು. ಮುಂದೊಂದು ದಿನ, ಗಿರಾಕಿ ಎದುರಿಗೆ ನಿಂತು ಅವಸರ ಮಾಡುತ್ತಿದ್ದಾಗ ಜಾಗ ಸಾಲದೆ ಆ ಕಡ್ಡಿಯಲ್ಲಿದ್ದುದನ್ನೆಲ್ಲ ಅಳಿಸಿ ತನ್ನ ಕೆಲಸದ್ದನ್ನು ತುಂಬಿಕೊಂಡ. ಅದರ ಮೇಲೆ ಅದೆಷ್ಟು ಸಲ ಏನೇನು ಬರೆದಿದ್ದನೋ. ಈಗ ಆ ದನಿ ಇದ್ದದ್ದು ಅವನ ಕಿವಿಯೊಳಗೆ ಮಾತ್ರ.

ಅಪ್ಪ ಮೂರೂ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿದರು. ಅವನ ಮೇಜಿನ ಮೇಲೆ ಕಂಪ್ಯೂಟರಿಗೆ ಸಿಕ್ಕಿಸಿದ್ದ, ನೀಲಿ ದೀಪ ಮಿಟುಕಿಸುತ್ತಿದ್ದ ಕಪ್ಪು ಡಬ್ಬಿಯತ್ತ ಬೆರಳು ಮಾಡಿದರು.

"ಅಂಥದ್ದೇ ಬೇಕಂತೆ" ಮಗಳು ನಕ್ಕಳು. "ತನಗೆ ಅಂತ ಆರಿಸ್ಕೊಂಡಿರೋದು ಒಳ್ಳೇದೇ ಇರುತ್ತೆ ಅಂತ ಅವರ ಲೆಕ್ಕ. ಎಲ್ಲಿ, ನೋಡೋಣ" ಎಂದು ಕೈ ಚಾಚಿದಳು.

"ಅದು ಬೇಡ" ಎಂದು ಅವನು ಡಬ್ಬಿಯ ಮೇಲೆ ಅಂಗೈ ಮುಚ್ಚಿದ. ಒಳಗಿನ ಕಡ್ಡಿ ಅವಳದೇ. ಅಂಗೈ ಕೆಳಗೆ ಅದು ಬೆಚ್ಚಗಿತ್ತು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ಅಪ್ಪ ಅವನ ಮುಖವನ್ನೇ ನೋಡಿದರು. ಹರಾಜಿನಲ್ಲಿ ಎಷ್ಟು ಮುಖ ಓದಿದ್ದರೋ, ಇದನ್ನು ಮಾತ್ರ ತಪ್ಪು ಓದಿದರು. ಪುಸ್ತಕ ತೆಗೆದು ಒತ್ತಿ ಬರೆದು ತೋರಿಸಿದರು: 'ಅವತ್ತಿನದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮ್ಮ ತಪ್ಪೇನಿಲ್ಲ.'

"ಯಜಮಾನರೇ, ಅವತ್ತು ನಾನು..." ಎಂದ ರಿಪೇರಿಯವನು. ಎರಡು ಸಲ ಬಾಯಿ ತೆರೆದ, ಎರಡು ಸಲವೂ ಬರೀ ಉಸಿರು ಬಂತು.

ಆ ಸಂಕಟ ಅಪ್ಪನಿಗೆ ಹೊಸದಲ್ಲ. ಅವರು ಒಂದು ಹಾಳೆ ಮಗುಚಿ, ಪುಸ್ತಕವನ್ನೂ ಪೆನ್ನನ್ನೂ ಅವನ ಮುಂದಕ್ಕೆ ಸರಿಸಿದರು. ಅವನು ಪೆನ್ನು ಹಿಡಿದ. ಖಾಲಿ ಹಾಳೆಯ ಮೇಲೆ ಹಿಂದಿನ ಪುಟದ ಒತ್ತು ಹಾಗೇ ಮೂಡಿತ್ತು: ನಿಮ್ಮ ತಪ್ಪೇನಿಲ್ಲ.